ಮೊದಲ ಕಾರು ತರುವ ಮೊದಲು ಇನ್ಶೂರೆನ್ಸ್: ಮಳೆಯೂ ಘಟ್ಟವೂ ಇರುವ ನಮ್ಮ ಜಿಲ್ಲೆಯವರಿಗೆ

ಯಾವ ಕಾರು, ಯಾವ ಬಣ್ಣ, ಮೈಲೇಜ್ ಎಷ್ಟು ಎಂದು ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಮಾತಾಡುತ್ತಾರೆ. ಇನ್ಶೂರೆನ್ಸ್ ಮಾತು ಬರುವುದು ಮಾತ್ರ ಶೋರೂಂನಲ್ಲಿ, ಕೊನೆಯ ಹತ್ತು ನಿಮಿಷದಲ್ಲಿ. ಅಷ್ಟು ಹೊತ್ತಿಗೆ ಮನಸ್ಸೆಲ್ಲ ಡೆಲಿವರಿ ದಿನದ ಮೇಲಿರುತ್ತದೆ. ಎದುರಿಟ್ಟ ಕಾಗದಕ್ಕೆ ಸಹಿ ಬಿದ್ದುಬಿಡುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮೊದಲ ಕಾರು ಕೊಳ್ಳುತ್ತಿರುವವರಿಗೆ ನಾನು ಹೇಳುವುದು ಒಂದೇ. ಅಡ್ವಾನ್ಸ್ ಕೊಡುವ ಮೊದಲೇ ಇನ್ಶೂರೆನ್ಸ್ ಲೆಕ್ಕ ಮುಗಿಸಿಕೊಳ್ಳಿ. ಆ ಲೆಕ್ಕವನ್ನು ಕಾರು ಎಲ್ಲಿ ನಿಲ್ಲುತ್ತದೆ, ಯಾವ ರಸ್ತೆಯಲ್ಲಿ ಓಡುತ್ತದೆ ಎನ್ನುವುದರಿಂದ ಶುರು ಮಾಡಿ. ದೊಡ್ಡ ಊರಿನ ಅಪಾರ್ಟ್‌ಮೆಂಟಿನ ಕೆಳಗೆ ನೆರಳಲ್ಲಿ ನಿಲ್ಲುವ ಕಾರಿಗೆ ಸಾಕಾಗುವ ಪಾಲಿಸಿ, ಕುಮಟಾದ ಅಂಗಳದಲ್ಲಿ ಮಳೆಗಾಲವಿಡೀ ನೆನೆದು ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತುವ ಕಾರಿಗೆ ಸಾಕಾಗುವುದಿಲ್ಲ.

ಯಾವುದರ ನಂತರ ಯಾವುದು

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಹೊಸ ಕಾರು ಆರ್‌ಟಿಒದಲ್ಲಿ ನೋಂದಣಿ ಆಗಬೇಕಾದರೆ ಅದಕ್ಕೂ ಮೊದಲೇ ಇನ್ಶೂರೆನ್ಸ್ ಆಗಿರಬೇಕು. ಬುಕಿಂಗ್ ಮಾಡುತ್ತೀರಿ, ಶೋರೂಂನವರು ನಿಮಗೆ ಒಂದು ಗಾಡಿ ಹಂಚುತ್ತಾರೆ, ಅದರ ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಸಿಗುತ್ತದೆ. ಆ ನಂಬರ್ ಹಾಕಿ ಪಾಲಿಸಿ ಮಾಡಿಸುತ್ತಾರೆ, ಆಮೇಲೆ ನೋಂದಣಿ, ಆಮೇಲೆ ಡೆಲಿವರಿ. ಚಾಸಿಸ್ ನಂಬರ್ ಸಿಕ್ಕಿದ ದಿನದಿಂದ ಪಾಲಿಸಿಗೆ ಹಣ ಕಟ್ಟುವ ದಿನದವರೆಗೆ ಸಿಗುವ ಸಮಯ ತೀರಾ ಕಡಿಮೆ. ವಿಚಾರಿಸುವುದು, ಹೋಲಿಸುವುದು, ಆರಿಸುವುದು ಎಲ್ಲವನ್ನೂ ಬುಕಿಂಗಿಗೆ ಮೊದಲೇ ಮುಗಿಸಬೇಕು ಎನ್ನುವುದು ಅದಕ್ಕೇ.

ಬರೀ ವಿಚಾರಿಸಲು ಚಾಸಿಸ್ ನಂಬರ್ ಬೇಕಾಗಿಲ್ಲ. ಕಾರಿನ ಮಾಡೆಲ್, ವೇರಿಯಂಟ್, ಪೆಟ್ರೋಲೋ ಡೀಸೆಲ್ಲೋ ಬ್ಯಾಟರಿಯೋ, ಎಕ್ಸ್‌ಶೋರೂಂ ರೇಟ್ ಮತ್ತು ಆರ್‌ಟಿಒ ಕೋಡ್ ಹೇಳಿದರೆ ಕೊಟೇಶನ್ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾರವಾರಕ್ಕೆ ಕೆಎ-30, ಶಿರಸಿಗೆ ಕೆಎ-31, ಹೊನ್ನಾವರಕ್ಕೆ ಕೆಎ-47, ದಾಂಡೇಲಿಗೆ ಕೆಎ-65. ಇದನ್ನು ಸರಿಯಾಗಿ ಹೇಳಿ. ಇನ್ಶೂರೆನ್ಸ್ ಲೆಕ್ಕದಲ್ಲಿ ಬೆಂಗಳೂರು, ಮುಂಬೈ, ಪುಣೆಯಂಥ 8 ದೊಡ್ಡ ನಗರಗಳು ಎ ವಲಯ, ಉಳಿದದ್ದೆಲ್ಲ ಬಿ ವಲಯ. ನಮ್ಮ ನಾಲ್ಕೂ ಆರ್‌ಟಿಒ ಬಿ ವಲಯಕ್ಕೆ ಸೇರುತ್ತವೆ, ಇಲ್ಲಿ ಪ್ರೀಮಿಯಂ ಸ್ವಲ್ಪ ಕಡಿಮೆ. ಬೆಂಗಳೂರಿನಲ್ಲಿರುವ ಮಗನೋ ತಮ್ಮನೋ ಆನ್‌ಲೈನಲ್ಲಿ ಅಲ್ಲಿನ ಕೋಡ್ ಹಾಕಿ ತೆಗೆದ ಲೆಕ್ಕ ನಿಮ್ಮ ಕಾರಿನದ್ದಲ್ಲ.

ಕಾನೂನು ಕೇಳುವುದು ಎಷ್ಟು

ಮೋಟಾರು ವಾಹನ ಕಾಯ್ದೆ 1988ರ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಆದರೆ ನಿಜವಾಗಿ ಹೆದರಬೇಕಾದದ್ದು ದಂಡಕ್ಕಲ್ಲ. ನಿಮ್ಮ ಕಾರಿನಿಂದ ಯಾರಿಗಾದರೂ ಜೀವಹಾನಿಯಾದರೆ ಕೋರ್ಟು ಹೇಳುವ ಪರಿಹಾರಕ್ಕೆ ಮಿತಿ ಇಲ್ಲ. ಇನ್ಶೂರೆನ್ಸ್ ಇಲ್ಲದಿದ್ದರೆ ಅದನ್ನು ಕೈಯಿಂದ ಕಟ್ಟಬೇಕು, ಆಸ್ತಿಯ ಮೇಲೆ ಬರುತ್ತದೆ. ಅಪಘಾತದಲ್ಲಿ ಸಿಕ್ಕವರ ಮನೆಯವರಿಗೂ ಸಮಯಕ್ಕೆ ಹಣ ಸಿಗುವುದಿಲ್ಲ. ಎರಡೂ ಮನೆ ಮುಳುಗುತ್ತದೆ.

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಒಟ್ಟಿಗೇ 3 ವರ್ಷದ ಥರ್ಡ್ ಪಾರ್ಟಿ ತೆಗೆದುಕೊಳ್ಳಬೇಕು. ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ನಿಯಮ ಇದು. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ಸಿಸಿವರೆಗಿನ ಹೊಸ ಕಾರಿಗೆ 3 ವರ್ಷಕ್ಕೆ 6,521 ರೂಪಾಯಿ, 1000ದಿಂದ 1500 ಸಿಸಿಗೆ 10,640, ಅದಕ್ಕೂ ಮೇಲಿನದಕ್ಕೆ 24,596. ಇದರ ಮೇಲೆ 18 ಪ್ರತಿಶತ ಜಿಎಸ್‌ಟಿ. ಬ್ಯಾಟರಿ ಕಾರಿಗೆ ಥರ್ಡ್ ಪಾರ್ಟಿ ದರದಲ್ಲಿ 15 ಪ್ರತಿಶತ ರಿಯಾಯಿತಿ ಇದೆ. ಸರ್ಕಾರ ದರ ಬದಲಿಸಿದರೆ ಎಲ್ಲ ಕಂಪನಿಯಲ್ಲೂ ಒಟ್ಟಿಗೇ ಬದಲಾಗುತ್ತದೆ.

ಹಾಗಾಗಿ ಕೊಟೇಶನ್ ಹೋಲಿಸುವಾಗ ಥರ್ಡ್ ಪಾರ್ಟಿ ಸಾಲನ್ನು ಬಿಟ್ಟುಬಿಡಿ. ಅದು ಎಲ್ಲ ಕಡೆ ಒಂದೇ. "ನಮ್ಮಲ್ಲಿ ಥರ್ಡ್ ಪಾರ್ಟಿ ಕಡಿಮೆಗೆ ಮಾಡಿಸಿಕೊಡ್ತೇವೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹೆಚ್ಚುಕಡಿಮೆ ಇರುವುದು ನಿಮ್ಮ ಕಾರಿನ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಸಾಲಿನಲ್ಲಿ ಮತ್ತು ಅದರ ಕೆಳಗೆ ಬರುವ ಆ್ಯಡ್‌ಆನ್‌ಗಳಲ್ಲಿ, ಅಂದರೆ ಬೇರೆ ಹಣ ಕೊಟ್ಟು ಸೇರಿಸಿಕೊಳ್ಳುವ ಹೆಚ್ಚಿನ ಕವರ್‌ಗಳಲ್ಲಿ.

ಕಾಗದದಲ್ಲಿ ಇನ್ನೊಂದು ಸಾಲು ಇರುತ್ತದೆ, ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷದ್ದು. ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ವಿಮೆ ಈಗಾಗಲೇ ಇದ್ದರೆ ಇದನ್ನು ಬಿಡಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಾರು ಅಪ್ಪನ ಹೆಸರಲ್ಲಿ, ಓಡಿಸುವುದು ಮಗ ಅಥವಾ ಸೊಸೆ. ಈ 15 ಲಕ್ಷ ಅನ್ವಯಿಸುವುದು ಯಾರ ಹೆಸರಲ್ಲಿ ಕಾರಿದೆಯೋ ಅವರಿಗೆ ಮಾತ್ರ, ಅದೂ ಅವರಿಗೆ ಲೈಸೆನ್ಸ್ ಇದ್ದರೆ. ಮಗ ಓಡಿಸುವಾಗ ಮಗನಿಗೆ ಪೆಟ್ಟಾದರೆ ಇದರಿಂದ ಏನೂ ಬರುವುದಿಲ್ಲ. ಅಂಥ ಮನೆಯಲ್ಲಿ ಮಗನಿಗೆ ಬೇರೆ ಅಪಘಾತ ವಿಮೆ ಮಾಡಿಸಿ, ಇಲ್ಲವೇ ಕಾರಿನಲ್ಲಿ ಕೂರುವವರಿಗೆಂದೇ ಇರುವ ಅಪಘಾತ ಕವರ್ ಸೇರಿಸಿಕೊಳ್ಳಿ. ಅದಕ್ಕೆ ತಗಲುವುದು ಸಣ್ಣ ಮೊತ್ತ.

ಥರ್ಡ್ ಪಾರ್ಟಿ ಒಂದೇ ಇಲ್ಲಿ ಯಾಕೆ ಸಾಲದು

ಸಾಲವಿಲ್ಲದೆ ಕೊಳ್ಳುವವರು ಕೆಲವರು ಬರೀ ಥರ್ಡ್ ಪಾರ್ಟಿ ಸಾಕು ಎನ್ನುತ್ತಾರೆ. ಅದರಲ್ಲಿ ನಿಮ್ಮ ಕಾರಿಗೆ ಒಂದು ರೂಪಾಯಿಯೂ ಇಲ್ಲ. ನಿಮ್ಮ ಕಾರಿನಲ್ಲೇ ಕೂತ ನೆಂಟರಿಗೆ ಪೆಟ್ಟಾದರೆ ಆ ಹೊಣೆಯೂ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಿ, ಅಂದರೆ ನಾವು ಫಸ್ಟ್ ಪಾರ್ಟಿ ಎನ್ನುತ್ತೇವಲ್ಲ ಅದರಲ್ಲಿ, ಅದು ಬರುತ್ತದೆ.

ಫಸ್ಟ್ ಪಾರ್ಟಿಯಲ್ಲಿ ಏನೆಲ್ಲ ಸೇರಿದೆ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಅಪಘಾತ, ಬೆಂಕಿ, ಕಳವು, ಸಿಡಿಲು, ಭೂಕಂಪ, ನೆರೆ, ಚಂಡಮಾರುತ, ಗುಡ್ಡ ಕುಸಿತ, ಬಂಡೆ ಉರುಳುವುದು. ಈ ಕೊನೆಯ ಕೆಲವು ಬೇರೆ ಕಡೆಯವರಿಗೆ ಓದಿ ಮರೆಯುವ ಪದಗಳಿರಬಹುದು. ನಮಗೆ ಹಾಗಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ ಜನರೂ ಗಾಡಿಗಳೂ ಗಂಗಾವಳಿ ನದಿಗೆ ಹೋದದ್ದು ನಾವು ಕಣ್ಣಾರೆ ಕಂಡದ್ದು. ಹೋದ ಜೀವಕ್ಕೆ ಯಾವ ಪಾಲಿಸಿಯೂ ಉತ್ತರವಲ್ಲ. ಆದರೆ ಜುಲೈನಲ್ಲಿ ಅರಬೈಲ್ ಘಟ್ಟವನ್ನೋ ದೇವಿಮನೆಯನ್ನೋ ಹತ್ತಿ ಇಳಿಯುವ ಊರಿನಲ್ಲಿ ಗುಡ್ಡ ಕುಸಿತ ಸೇರಿರದ ಪಾಲಿಸಿ ಇಟ್ಟುಕೊಂಡು ಓಡಾಡಬೇಡಿ.

ತೆಂಗಿನಕಾಯಿ ಬಿದ್ದು ಗಾಜು ಒಡೆದರೆ, ಗಾಳಿಗೆ ಹಲಸಿನ ಟೊಂಗೆ ಮುರಿದು ಟಾಪ್ ಮೇಲೆ ಬಿದ್ದರೆ ಅದೂ ಫಸ್ಟ್ ಪಾರ್ಟಿಯಲ್ಲಿ ಬರುತ್ತದೆ. ಹೊರಗಿನಿಂದ ಆಕಸ್ಮಿಕವಾಗಿ ಆದ ಹಾನಿ ಅದು.

ಬಾರದ್ದು ಯಾವುದು ಎಂದೂ ಹೇಳಬೇಕು. ಉಪ್ಪುಗಾಳಿಗೆ ಹಿಡಿಯುವ ತುಕ್ಕು ಬರುವುದಿಲ್ಲ, ಅದು ಸವೆತದ ಲೆಕ್ಕ. ಕಾರವಾರ, ಮುರ್ಡೇಶ್ವರದಂಥ ಕಡಲ ಪಕ್ಕದ ಊರಿನವರು ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಲು ಬೇರೆ ಹಣ ತೆಗೆದಿಡಬೇಕು. ಕುಡಿದು ಓಡಿಸಿದರೆ ಇಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿದರೆ ಇಲ್ಲ. ಎಲ್‌ಎಲ್ ಇಟ್ಟುಕೊಂಡು ಕಲಿಯುತ್ತಿದ್ದರೆ ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರು ಕೂತಿರಬೇಕು, ಎಲ್ ಬೋರ್ಡ್ ಇರಬೇಕು.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಗೋಕರ್ಣ, ಮುರ್ಡೇಶ್ವರ, ಹೊನ್ನಾವರದ ಕಡೆ ಸೀಸನ್‌ನಲ್ಲಿ ಹೋಂಸ್ಟೇ ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತಂದು ಬಾಡಿಗೆ ತೆಗೆದುಕೊಳ್ಳುವ ರೂಢಿ ಬೆಳೆದಿದೆ. ಬಿಳಿ ಬೋರ್ಡಿನ ಕಾರಿನ ಪಾಲಿಸಿ ಸ್ವಂತ ಬಳಕೆಗೆ ಮಾತ್ರ. ಬಾಡಿಗೆ ತೆಗೆದುಕೊಂಡು ಹೋಗುವಾಗ ಅಪಘಾತವಾದರೆ ಕಂಪನಿ ಕ್ಲೇಮ್ ತಳ್ಳಿಹಾಕಬಹುದು. ಆ ಕೆಲಸ ಮಾಡುವ ಯೋಚನೆ ಇದ್ದರೆ ಮೊದಲೇ ಹಳದಿ ಬೋರ್ಡಿಗೆ ಹೋಗಿ, ಅದಕ್ಕೆ ತಕ್ಕ ಪಾಲಿಸಿ ಮಾಡಿಸಿ.

ಎಂಜಿನ್‌ಗೆ ನೀರು: ನಮ್ಮ ಜಿಲ್ಲೆಯ ದೊಡ್ಡ ಪ್ರಶ್ನೆ

ಆ್ಯಡ್‌ಆನ್ ಪಟ್ಟಿ ಉದ್ದ ಇರುತ್ತದೆ. ಎಲ್ಲಕ್ಕೂ ಟಿಕ್ ಹಾಕಿದರೆ ಪ್ರೀಮಿಯಂ ಏರುತ್ತದೆ, ಒಂದನ್ನೂ ಹಾಕದಿದ್ದರೆ ಮಳೆಗಾಲದಲ್ಲಿ ಕೈ ಸುಡುತ್ತದೆ. ನನ್ನ ಆಯ್ಕೆಯಲ್ಲಿ ಮೊದಲನೆಯದು ಎಂಜಿನ್ ಪ್ರೊಟೆಕ್ಷನ್.

ಇದು ಯಾಕೆ ಬೇಕು ಎಂದು ಬಿಡಿಸಿ ಹೇಳುತ್ತೇನೆ. ಎಂಜಿನ್ ಗಾಳಿಯನ್ನು ಎಳೆದುಕೊಂಡು ಒತ್ತುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ರಸ್ತೆ ಮೇಲೆ ನಿಂತ ನೀರಿನಲ್ಲಿ ಹೋಗುವಾಗ ಗಾಳಿ ಎಳೆಯುವ ಕೊಳವೆಯಿಂದ ನೀರು ಒಳಗೆ ಹೋದರೆ ಎಂಜಿನ್ ಅಲ್ಲೇ ನಿಲ್ಲುತ್ತದೆ. ಆಗ ಮತ್ತೆ ಕೀ ತಿರುಗಿಸಿ ಸ್ಟಾರ್ಟ್ ಮಾಡಲು ನೋಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಕೆಲವೊಮ್ಮೆ ಎಂಜಿನ್ ಬ್ಲಾಕೇ ಒಡೆಯುತ್ತದೆ. ಸಾಮಾನ್ಯ ಫಸ್ಟ್ ಪಾರ್ಟಿಯಲ್ಲಿ ಕಂಪನಿ ಏನು ಹೇಳುತ್ತದೆ ಗೊತ್ತಾ? ನೆರೆ ನೀರಿನಿಂದ ಸೀಟು, ವೈರಿಂಗ್ ಹಾಳಾದದ್ದಕ್ಕೆ ಕೊಡುತ್ತೇವೆ, ಎಂಜಿನ್ ಒಡೆದದ್ದು ನೀರು ನುಗ್ಗಿದ ಮೇಲೆ ನೀವು ಸ್ಟಾರ್ಟ್ ಮಾಡಿದ್ದರಿಂದ, ಅದು ನಂತರ ಆದ ಹಾನಿ, ಅದಕ್ಕೆ ಇಲ್ಲ ಎನ್ನುತ್ತದೆ. ಎಂಜಿನ್ ರಿಪೇರಿ ಬಿಲ್ಲು ಲಕ್ಷ ದಾಟುವುದು ಕಷ್ಟವೇನಲ್ಲ. ಗಂಗಾವಳಿ, ಅಘನಾಶಿನಿ, ಶರಾವತಿ ದಂಡೆಯ ತಗ್ಗಿನ ಊರಿನವರು ಈ ಆ್ಯಡ್‌ಆನ್ ಬಿಡಲೇಬಾರದು. ಘಟ್ಟದ ಮೇಲಿನವರೂ ಮಳೆಗಾಲದಲ್ಲಿ ಕರಾವಳಿಗೆ ಇಳಿಯುವವರೇ ಅಲ್ವಾ?

ಆ್ಯಡ್‌ಆನ್ ಇದ್ದರೂ ಅದರ ಷರತ್ತು ಓದಿ. ನೀರಿನಲ್ಲಿ ನಿಂತ ಕಾರನ್ನು ಬೇಕೆಂದೇ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಕೆಲವು ಕಂಪನಿ ಕೊಡುವುದಿಲ್ಲ. ಆದ್ದರಿಂದ ಹೀಗೆ ಮಾಡಿ, ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಹೇಳಿಡಿ. ಕಾರು ನೀರಲ್ಲಿ ನಿಂತರೆ ಕೀ ಮುಟ್ಟಬೇಡಿ. ಜನರು ಮೊದಲು ಇಳಿದು ಎತ್ತರಕ್ಕೆ ಹೋಗಲಿ. ನೀರು ಎಲ್ಲಿಯವರೆಗೆ ಬಂದಿದೆ ಎನ್ನುವುದು ಕಾಣುವ ಹಾಗೆ ಫೋಟೋ ತೆಗೆಯಿರಿ, ನಂಬರ್ ಪ್ಲೇಟ್ ಫೋಟೋದಲ್ಲಿರಲಿ. ಸಾಧ್ಯವಾದರೆ ಕೈಯಿಂದಲೇ ಒಣ ಜಾಗಕ್ಕೆ ತಳ್ಳಿ. ಕಂಪನಿಗೆ ಫೋನ್ ಮಾಡಿ, ಗಾಡಿ ಮೇಲೆ ಹೇರಿಕೊಂಡು ಹೋಗುವ ಟೋಯಿಂಗ್ ಕೇಳಿ. ನೀರು ಇಳಿದಿದೆ, ಈಗ ಸರಿಯಾಗಿದೆ ಎಂದು ಮರುದಿನ ಸುಮ್ನೆ ಒಮ್ಮೆ ಸ್ಟಾರ್ಟ್ ಮಾಡಿ ನೋಡಲೂ ಬೇಡಿ. ಮೆಕ್ಯಾನಿಕ್ ಬಿಚ್ಚಿ ನೋಡುವವರೆಗೆ ಕಾಯಿರಿ.

ಉಳಿದ ಆ್ಯಡ್‌ಆನ್‌ಗಳು

ಎರಡನೆಯದು ಝೀರೋ ಡೆಪ್ರಿಸಿಯೇಶನ್. ನಮ್ಮಲ್ಲಿ ಬಂಪರ್ ಟು ಬಂಪರ್ ಎನ್ನುತ್ತಾರೆ. ಇದು ಇಲ್ಲದಿದ್ದರೆ ಹೊಸ ಭಾಗ ಹಾಕಿದಾಗ ಸವಕಳಿ ಎಂದು ಕಂಪನಿ ಒಂದಷ್ಟು ಹಣ ಮುರಿದುಕೊಳ್ಳುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50 ಪ್ರತಿಶತ. ಫೈಬರ್‌ಗೆ 30. ಗಾಜಿಗೆ ಏನೂ ಮುರಿದುಕೊಳ್ಳುವುದಿಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ: ಮೊದಲ 6 ತಿಂಗಳು ಇಲ್ಲ, ವರ್ಷದವರೆಗೆ 5, ಎರಡನೇ ವರ್ಷದಲ್ಲಿ 10, ಹೀಗೆ ಏರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದೂವರೆ ವರ್ಷದ ಕಾರು, 1200 ಸಿಸಿ. ಘಟ್ಟದ ತಿರುವಿನಲ್ಲಿ ಎದುರಿನ ಗಾಡಿ ತಾಗಿ ಬಂಪರ್ 9,000, ಬಾನೆಟ್ 8,000, ಮುಂದಿನ ಗಾಜು 11,000, ಒಟ್ಟು 28,000 ಆಯಿತು ಎಂದುಕೊಳ್ಳಿ. ಕೂಲಿ, ಬಣ್ಣ, ತೆರಿಗೆ ಬಿಟ್ಟು ಹೇಳುತ್ತಿದ್ದೇನೆ. ಝೀರೋ ಡೆಪ್ ಇಲ್ಲದಿದ್ದರೆ ಬಂಪರ್‌ಗೆ 4,500, ಬಾನೆಟ್‌ಗೆ 7,200, ಗಾಜಿಗೆ ಪೂರ್ತಿ 11,000, ಒಟ್ಟು 22,700. ಅದರಲ್ಲಿ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಹೋಗಿ ಕಂಪನಿ ಕೊಡುವುದು 21,700. ಝೀರೋ ಡೆಪ್ ಇದ್ದರೆ 27,000. 1500 ಸಿಸಿಗಿಂತ ದೊಡ್ಡ ಕಾರಾದರೆ ಆ ಕಡ್ಡಾಯ ಮೊತ್ತ 2,000. ಈಗಿನ ಕಾರುಗಳಲ್ಲಿ ಪ್ಲಾಸ್ಟಿಕ್ಕೇ ಜಾಸ್ತಿ. ಹೊಸದಾಗಿ ಓಡಿಸುವವರು ಸಣ್ಣಪುಟ್ಟ ತಾಗಿಸುವುದೂ ಜಾಸ್ತಿ. ಮೊದಲ ಮೂರ್ನಾಲ್ಕು ವರ್ಷ ಇದಕ್ಕೆ ಕೊಡುವ ಹಣ ನಷ್ಟವಲ್ಲ. ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ಝೀರೋ ಡೆಪ್ ಸಿಗುತ್ತದೆ ಎಂದು ಮಾತ್ರ ಕೇಳಿ. ಕೆಲವರು ಎರಡಕ್ಕೆ ನಿಲ್ಲಿಸುತ್ತಾರೆ.

ಮೂರನೆಯದು ರಸ್ತೆಬದಿ ನೆರವು. ಮೂಲ ಪಾಲಿಸಿಯಲ್ಲಿ ಕಾರನ್ನು ಎಳೆದೊಯ್ಯಲು ಸಾಮಾನ್ಯವಾಗಿ 1,500 ರೂಪಾಯಿವರೆಗೆ ಕೊಡುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಆ 1,500 ಎಲ್ಲಿಗೆ ಸಾಲುತ್ತದೆ? ರಸ್ತೆಬದಿ ನೆರವು ಕೊಳ್ಳುವಾಗ ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಎಂದು ಕೇಳಿ. 25 ಕಿಲೋಮೀಟರ್ ಎಂದರೆ ಕದ್ರಾ ಕಡೆ ನಿಂತ ಕಾರಿಗೆ ಅದು ಹೆಚ್ಚು ಉಪಯೋಗಕ್ಕಿಲ್ಲ.

ಇದರ ಜೊತೆಗೇ ಕೇಳಬೇಕಾದದ್ದು ಕ್ಯಾಶ್‌ಲೆಸ್ ಗ್ಯಾರೇಜ್, ಅಂದರೆ ರಿಪೇರಿ ಬಿಲ್ಲನ್ನು ಕಂಪನಿ ನೇರವಾಗಿ ಕಟ್ಟುವ ಗ್ಯಾರೇಜ್. ಕಂಪನಿಗೆ ದೇಶದಲ್ಲಿ ಸಾವಿರಾರು ಗ್ಯಾರೇಜ್ ಇದೆ ಎನ್ನುವುದು ನಿಮಗೆ ಬೇಡ. ನಿಮ್ಮ ಬ್ರಾಂಡಿನ ಅಧಿಕೃತ ವರ್ಕ್‌ಶಾಪ್ ಕಾರವಾರದಲ್ಲೋ ಕುಮಟಾದಲ್ಲೋ ಶಿರಸಿಯಲ್ಲೋ ಇದೆಯಾ, ಅದು ಈ ಕಂಪನಿಯ ಪಟ್ಟಿಯಲ್ಲಿದೆಯಾ ಎನ್ನುವುದೇ ಪ್ರಶ್ನೆ. ಏಜೆಂಟ್ ಮಾತು ಸಾಲದು. ಆ ವರ್ಕ್‌ಶಾಪಿಗೇ ಫೋನ್ ಮಾಡಿ, "ಈ ಕಂಪನಿ ಪಾಲಿಸಿಗೆ ನಿಮ್ಮಲ್ಲಿ ಕ್ಯಾಶ್‌ಲೆಸ್ ಆಗುತ್ತಾ?" ಎಂದು ಕೇಳಿ. ಬಾಡಿ ಕೆಲಸ ಮಾಡುವ ವ್ಯಕ್ತಿ ಅಲ್ಲಿ ಯಾವ ಕಂಪನಿಯ ಕ್ಲೇಮ್ ಬೇಗ ಪಾಸ್ ಆಗುತ್ತದೆ ಎನ್ನುವುದನ್ನೂ ಹೇಳುತ್ತಾರೆ. ಜಾಹೀರಾತಿಗಿಂತ ಆ ಮಾತಿಗೆ ಬೆಲೆ ಕೊಡಿ.

ನಾಲ್ಕನೆಯದು ರಿಟರ್ನ್ ಟು ಇನ್ವಾಯ್ಸ್. ಇದು ಅರ್ಥವಾಗಲು ಐಡಿವಿ ಗೊತ್ತಿರಬೇಕು. ಕಾರು ಪೂರ್ತಿ ಹೋದರೆ ಅಥವಾ ಕಳವಾದರೆ ಸಿಗುವ ಗರಿಷ್ಠ ಮೊತ್ತವೇ ಐಡಿವಿ. ಹೊಸ ಕಾರಿಗೆ ಎಕ್ಸ್‌ಶೋರೂಂ ಬೆಲೆಯಲ್ಲಿ 5 ಪ್ರತಿಶತ ಕಳೆದು ಇಡುತ್ತಾರೆ. 7 ಲಕ್ಷದ ಕಾರಿಗೆ 6,65,000. ರೋಡ್ ಟ್ಯಾಕ್ಸ್, ನೋಂದಣಿ ಅದರಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ 14 ಪ್ರತಿಶತ, ಮೇಲೆ ಸೆಸ್. ಅಂದರೆ ತೆರಿಗೆ ಒಂದೇ ಲಕ್ಷ ದಾಟುತ್ತದೆ. ಆ ಹಣವೂ ಬೇಕೆಂದರೆ ಈ ಆ್ಯಡ್‌ಆನ್ ಬೇಕು. ಬಹುಪಾಲು ಸಾಲದಲ್ಲೇ ಕೊಳ್ಳುವವರಿಗೆ ಇದು ಅಗತ್ಯ ಎನ್ನುತ್ತೇನೆ. ಕಾರು ಹೋದಾಗ ಕಂಪನಿ ಕೊಡುವ ಹಣ ಮೊದಲು ಬ್ಯಾಂಕಿಗೋ ಸೊಸೈಟಿಗೋ ಹೋಗುತ್ತದೆ. ಕಾರೂ ಇಲ್ಲದೆ ಕಂತೂ ಉಳಿಯುವ ಪರಿಸ್ಥಿತಿ ಬರಬಾರದು. ರಿಪೇರಿ ಖರ್ಚು ಐಡಿವಿಯ 75 ಪ್ರತಿಶತ ದಾಟಿದರೂ ಕಾರು ಪೂರ್ತಿ ಹೋದ ಲೆಕ್ಕವೇ.

ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಕೊಟೇಶನ್‌ಗಳಲ್ಲಿ ಮಾಮೂಲು. ಎರಡು ಕೊಟೇಶನ್ ಪಕ್ಕಪಕ್ಕ ಇಟ್ಟಾಗ ಮೊದಲು ಐಡಿವಿ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಇಲಿ ಕಡಿದ ವೈರಿಂಗ್ ಬಗ್ಗೆ ಕಂಪನಿಗಳ ನಿಲುವು ಬೇರೆಬೇರೆ. ಅಡಿಕೆ ತೋಟದ ಮನೆಯವರು ಇದನ್ನು ಬರವಣಿಗೆಯಲ್ಲೇ ಕೇಳಿ, ಮೇಲ್ ಇದ್ದರೆ ಉಳಿಸಿಕೊಳ್ಳಿ. ಎಂಜಿನ್ ಆಯಿಲ್, ನಟ್ಟು, ಬೋಲ್ಟಿನ ಖರ್ಚು ಕೊಡುವ ಕನ್ಸ್ಯೂಮೆಬಲ್ಸ್ ಕವರ್ ಕಡಿಮೆಗೆ ಸಿಕ್ಕರೆ ತೆಗೆದುಕೊಳ್ಳಿ. ಕೀ ಕಳೆದರೆ, ಟೈರ್ ಹೋದರೆ ಎನ್ನುವಂಥದ್ದು ಮೊದಲ ಕಾರಿಗೆ ಬೇಕಾಗಿಲ್ಲ.

ಶೋರೂಂ ಪಾಲಿಸಿಯೋ, ಹೊರಗಿನದ್ದೋ

ಶೋರೂಂನಲ್ಲಿ ಕೊಡುವ ಆನ್‌ರೋಡ್ ಚೀಟಿಯಲ್ಲಿ ಇನ್ಶೂರೆನ್ಸ್ ಎಂದು ಒಂದೇ ಸಾಲು, ಒಂದೇ ಮೊತ್ತ. ಅದನ್ನು ಬಿಡಿಸಿ ಕೇಳುವುದು ನಿಮ್ಮ ಹಕ್ಕು.

"ಇನ್ಶೂರೆನ್ಸ್ ಲೆಕ್ಕ ಸ್ವಲ್ಪ ಬಿಡಿಸಿ ಕೊಡ್ತೀರಾ?"

"ಸರ್, ಅದು ಪ್ಯಾಕೇಜಲ್ಲೇ ಬರುತ್ತೆ. ಎಲ್ಲಾ ಇದೆ, ಬಂಪರ್ ಟು ಬಂಪರ್."

"ಎಂಜಿನ್ ಪ್ರೊಟೆಕ್ಷನ್ ಇದೆಯಾ? ಐಡಿವಿ ಎಷ್ಟು ಇಟ್ಟಿದ್ದೀರಿ? ಮನೆಯಲ್ಲಿ ತೋರಿಸಿ ಬರ್ತೇನೆ, ಪ್ರಿಂಟ್ ಕೊಡಿ."

ಇಷ್ಟು ಕೇಳಿದರೆ ಪ್ರಿಂಟ್ ಬರುತ್ತದೆ. ಆ ಪ್ರಿಂಟಿನಲ್ಲಿರುವ ಅದೇ ಐಡಿವಿ, ಅದೇ ಆ್ಯಡ್‌ಆನ್ ಹೇಳಿ ಹೊರಗೆ ಎರಡು ಮೂರು ಕಡೆ ರೇಟ್ ಕೇಳಿ. ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಸರ್ಕಾರಿ ಕಂಪನಿಗಳು. ಇವುಗಳಲ್ಲಿ ಒಂದು, ಖಾಸಗಿಯಲ್ಲಿ ಒಂದೆರಡು ಸಾಕು. ಊರಿನ ಪರಿಚಯದ ಏಜೆಂಟ್ ಇದ್ದರೆ ಅವರನ್ನೂ ಕೇಳಿ, ಕ್ಲೇಮ್ ಸಮಯದಲ್ಲಿ ಓಡಾಡುವವರು ಅವರೇ.

ಶೋರೂಂನಲ್ಲೇ ಮಾಡಿಸಬೇಕೆಂಬ ಕಡ್ಡಾಯ ಇಲ್ಲ. ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ ನಿಯಮವೂ ಹಾಗೆ ಒತ್ತಾಯಿಸಲು ಬಿಡುವುದಿಲ್ಲ. ಆದರೂ "ಹೊರಗೆ ಮಾಡಿಸಿದರೆ ಡಿಸ್ಕೌಂಟ್ ಇಲ್ಲ, ಡೆಲಿವರಿ ತಡ ಆಗುತ್ತೆ" ಎನ್ನುವ ಮಾತು ಕೇಳಿಬರುತ್ತದೆ. ಇದನ್ನು ಅಡ್ವಾನ್ಸ್ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ. ಹೊರಗಿನ ಕೊಟೇಶನ್ ತೋರಿಸಿದರೆ ಅವರೇ ರೇಟ್ ಇಳಿಸುವುದೂ ಉಂಟು. ರೇಟಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ನಾನು ಶೋರೂಂನದ್ದೇ ಒಪ್ಪುತ್ತೇನೆ. ಅಪಘಾತವಾದಾಗ ಅದೇ ವರ್ಕ್‌ಶಾಪಿಗೆ ಹೋಗುವುದು, ಕಾಗದಪತ್ರ ಅವರೇ ನೋಡಿಕೊಳ್ಳುತ್ತಾರೆ.

ಫಾರಂ ತುಂಬುವಾಗ, ಪಾಲಿಸಿ ಕೈಗೆ ಬಂದಾಗ

ಪ್ರಪೋಸಲ್ ಫಾರಂ ನೀವೇ ಓದಿ ತುಂಬಿ. ಹೆಸರು ಆಧಾರ್‌ನಲ್ಲಿ, ಆರ್‌ಸಿಗೆ ಕೊಡುವ ಕಾಗದದಲ್ಲಿ ಇರುವ ಹಾಗೆಯೇ ಇರಲಿ. ಒಂದರಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ ಎಂದಾದರೆ ಮುಂದೆ ತಿದ್ದುಪಡಿಗೆ ಓಡಾಡಬೇಕು. ನಾಮಿನಿ ಹೆಸರು ಬಿಡಬೇಡಿ. ಸಾಲ ಕೊಟ್ಟ ಬ್ಯಾಂಕ್ ಅಥವಾ ಸಹಕಾರಿ ಸಂಘದ ಹೆಸರು ಶಾಖೆ ಸಮೇತ ಸರಿಯಾಗಿ ಬರಲಿ. ಮೊಬೈಲ್ ನಂಬರ್ ಮತ್ತು ಮೇಲ್ ನಿಮ್ಮದೇ ಕೊಡಿ, ಏಜೆಂಟರದ್ದಲ್ಲ. ನವೀಕರಣದ ಸೂಚನೆ ಬರುವುದು ಅಲ್ಲಿಗೇ.

ಹಣ ಕಂಪನಿಗೆ ಮುಟ್ಟುವ ಮೊದಲು ವಿಮೆ ಶುರುವಾಗುವುದಿಲ್ಲ. ಚೆಕ್ ವಾಪಸ್ ಬಂದರೆ ಪಾಲಿಸಿಯೂ ಹೋದ ಹಾಗೆ. ಆದ್ದರಿಂದ ಪಾಲಿಸಿಯ ಪಿಡಿಎಫ್ ಕೈಗೆ ಬಂದ ಮೇಲೆ ಚಾಸಿಸ್ ನಂಬರನ್ನು ಗಾಡಿಯ ಮೇಲಿನದ್ದರ ಜೊತೆ ಒಂದೊಂದು ಅಕ್ಷರ ಹೋಲಿಸಿ. ಪಾಲಿಸಿ ಶುರುವಾಗುವ ದಿನಾಂಕ ಮತ್ತು ಗಂಟೆ ನೋಡಿ. ಇಡಗುಂಜಿ ಗಣಪತಿಗೋ ಶಿರಸಿಯ ಮಾರಿಕಾಂಬೆಗೋ ಹೊಸ ಕಾರಿನ ಪೂಜೆ ಮಾಡಿಸುವುದು ನಮ್ಮ ಕಡೆಯ ಪದ್ಧತಿ. ಮುಹೂರ್ತ ಬೆಳಿಗ್ಗೆ ಇದೆ ಎಂದು ಪಾಲಿಸಿ ಶುರುವಾಗುವ ಮೊದಲೇ ಗಾಡಿ ಹೊರಗೆ ತೆಗೆಯಬೇಡಿ. ತಪ್ಪುಗಳಿದ್ದರೆ ಅಂದೇ ತಿದ್ದಿಸಿ, ಎಂಡೋರ್ಸ್‌ಮೆಂಟ್ ಕಾಗದ ತೆಗೆದುಕೊಳ್ಳಿ.

ಡಿಜಿಲಾಕರ್‌ನಲ್ಲಿರುವ ಪಾಲಿಸಿ ಪೊಲೀಸರಿಗೆ ತೋರಿಸಲು ಸಾಕು. ಆದರೂ ಪಾಲಿಸಿ ನಂಬರ್, ಕಂಪನಿಯ ಕ್ಲೇಮ್ ಫೋನ್ ನಂಬರ್, ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಗೆ 1033 ಇಷ್ಟನ್ನು ಕಾಗದದ ಮೇಲೆ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಘಟ್ಟದಲ್ಲಿ ನೆಟ್‌ವರ್ಕ್ ಸಿಗದ ಜಾಗ ಎಷ್ಟಿವೆ ಎಂದು ನಿಮಗೇ ಗೊತ್ತು. ಬೇರೆಯವರ ಫೋನಿನಿಂದ ಮಾಡಬೇಕಾಗಬಹುದು.

ಸೆಕೆಂಡ್ ಹ್ಯಾಂಡ್ ಆದರೆ

ಹುಬ್ಬಳ್ಳಿಯಿಂದ, ಗೋವಾದಿಂದ ಹಳೆ ಕಾರು ತರುವವರು ನಮ್ಮಲ್ಲಿ ಬಹಳ. "ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳಿದೆ" ಎಂದು ಮಾರುವವರು ಹೇಳಿದರೆ ಅದು ಪೂರ್ತಿ ನಿಮ್ಮದಾಗುವುದಿಲ್ಲ. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆ ನಿಮಗೆ ಬರುತ್ತದೆ. ಓನ್ ಡ್ಯಾಮೇಜ್ ಭಾಗ ನಿಮ್ಮ ಹೆಸರಿಗೆ ಬದಲಾಗುವವರೆಗೆ ಕ್ಲೇಮ್ ಸಿಗುವುದು ಕಷ್ಟ. ಮಾಲೀಕತ್ವ ಬದಲಾದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಕೊಡಿ. ಕ್ಲೇಮ್ ಮಾಡದ ವರ್ಷಗಳಿಗೆ ಹಳೆ ಮಾಲೀಕರಿಗೆ ಸಿಕ್ಕ ಎನ್‌ಸಿಬಿ ರಿಯಾಯಿತಿ ಅವರದ್ದೇ, ನಿಮಗೆ ಬರುವುದಿಲ್ಲ. ಅದರ ವ್ಯತ್ಯಾಸ ಕಟ್ಟಬೇಕಾಗುತ್ತದೆ, ಬೆಲೆ ಮಾತಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಗೋವಾ ನೋಂದಣಿಯ ಗಾಡಿಯಾದರೆ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನಂಬರ್ ಆದ ಮೇಲೆ ಪಾಲಿಸಿಯಲ್ಲೂ ನಂಬರ್ ಬದಲಿಸಿ. ಪಾಲಿಸಿ ನಿಜವಾಗಿ ಚಾಲ್ತಿಯಲ್ಲಿದೆಯಾ ಎನ್ನುವುದನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಬಹುದು.

ಮೊದಲ ವರ್ಷ

ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಮುಂದಿನ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20 ಪ್ರತಿಶತ ಬಿಡುತ್ತಾರೆ, ಆಮೇಲೆ 25, 35, 45, 50ರವರೆಗೆ ಏರುತ್ತದೆ. ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಎರಡು ಮೂರು ಸಾವಿರದ ಕೆಲಸವನ್ನು ಊರಿನ ಗ್ಯಾರೇಜಿನಲ್ಲೇ ಮಾಡಿಸುವುದು ಲಾಭ. ಬೈಕಿಗೆ ಇರುವ ಎನ್‌ಸಿಬಿ ಕಾರಿಗೆ ಬರುವುದಿಲ್ಲ.

ಥರ್ಡ್ ಪಾರ್ಟಿ 3 ವರ್ಷ ಇದ್ದರೂ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷ. ಪಾಲಿಸಿಯಲ್ಲಿ ಎರಡು ಮುಕ್ತಾಯದ ದಿನಾಂಕ ಇರುತ್ತದೆ. ದೊಡ್ಡ ದಿನಾಂಕ ನೋಡಿ ನೆಮ್ಮದಿಯಿಂದಿದ್ದವರು ಎರಡನೇ ಮಳೆಗಾಲದಲ್ಲಿ ಫಸ್ಟ್ ಪಾರ್ಟಿ ಇಲ್ಲದೆ ಓಡಾಡುತ್ತಿರುತ್ತಾರೆ. ಮೊದಲು ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಗಿದು 90 ದಿನ ದಾಟಿದರೆ ಕೂಡಿಬಂದ ಎನ್‌ಸಿಬಿಯೂ ಹೋಗುತ್ತದೆ, ಮಧ್ಯೆ ಬಿಟ್ಟ ಪಾಲಿಸಿಗೆ ಕಾರಿನ ತಪಾಸಣೆಯೂ ಬೇಕಾಗುತ್ತದೆ.

ಕ್ಲೇಮ್ ಅನ್ಯಾಯವಾಗಿ ತಿರಸ್ಕಾರವಾಯಿತು ಎನಿಸಿದರೆ ಕಂಪನಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ದಾಖಲಿಸಬಹುದು, ಫೋನ್ 155255. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನಲ್ಲಿ ಇಂಥ ದೂರು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. 50 ಲಕ್ಷದವರೆಗಿನ ದೂರು ಅಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ, ವಕೀಲರೂ ಬೇಡ.